ಮೇಲ್ ಬರ್ತಿಲ್ವಾ? ಅಕೌಂಟ್ ತೆಗೆಯುವ ಮುನ್ನ ಇಷ್ಟು ನೋಡಿ

ಕಂಪ್ಯೂಟರ್‌ನಲ್ಲಿ ಥಂಡರ್‌ಬರ್ಡ್ ಅಥವಾ ಔಟ್‌ಲುಕ್‌ನಂಥ ಮೇಲ್ ಪ್ರೋಗ್ರಾಂ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಪಾಡು ಇದು. ನಿನ್ನೆ ಸಂಜೆವರೆಗೂ ಸರಿಯಾಗಿದ್ದ ಮೇಲ್ ಇವತ್ತು ಬೆಳಿಗ್ಗೆ ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟರೆ ಮತ್ತೆ ಕೇಳುತ್ತದೆ. ಮೂರನೇ ಸಲಕ್ಕೆ ತಾಳ್ಮೆ ಹೋಗಿ, ಅಕೌಂಟನ್ನೇ ತೆಗೆದು ಹೊಸದಾಗಿ ಹಾಕಿಬಿಡೋಣ ಅನ್ನಿಸುತ್ತದೆ.

ಅದೊಂದನ್ನು ಮಾತ್ರ ಆತುರದಲ್ಲಿ ಮಾಡಬೇಡಿ. ನಾನು ಮಾಡಿ ಕೈ ಸುಟ್ಟುಕೊಂಡಿದ್ದೇನೆ. ನನ್ನ ಆ ಅಕೌಂಟ್ ಪಾಪ್ ಪದ್ಧತಿಯದು. ಬಂದ ಪತ್ರಗಳೆಲ್ಲ ಸರ್ವರ್‌ನಿಂದ ಇಳಿದು ನನ್ನ ಕಂಪ್ಯೂಟರ್‌ನಲ್ಲಿ ಕೂತಿದ್ದವು, ಸರ್ವರ್‌ನಲ್ಲಿ ಏನೂ ಉಳಿದಿರಲಿಲ್ಲ. ‘ಡೇಟಾವನ್ನೂ ತೆಗೆಯಬೇಕೇ?’ ಅಂತ ಕೇಳಿದ ಚೌಕಕ್ಕೆ ಓದದೆ ಟಿಕ್ ಹಾಕಿದೆ. ನಾಲ್ಕು ವರ್ಷದ ಪತ್ರಗಳು ಹೋದವು. ಐಮ್ಯಾಪ್ ಆಗಿದ್ದರೆ ಮೂಲ ಸರ್ವರ್‌ನಲ್ಲೇ ಇರುತ್ತಿತ್ತು. ನಿಮ್ಮದು ಪಾಪ್ ಅಥವಾ ಐಮ್ಯಾಪ್, ಯಾವುದು ಅಂತ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಮೊದಲು ನೋಡಿಕೊಳ್ಳಿ.

ತೊಂದರೆ ಇರುವುದು ಎಲ್ಲಿ?

ಅದೇ ಮೇಲನ್ನು ಬ್ರೌಸರ್‌ನಲ್ಲಿ ತೆರೆದು ನೋಡಿ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಅಲ್ಲೂ ತೆರೆಯದಿದ್ದರೆ ಪಾಸ್‌ವರ್ಡೋ, ಇಂಟರ್ನೆಟ್ಟೋ, ಮೇಲ್ ಕೊಡುವವರ ಸರ್ವರೋ ಕೆಟ್ಟಿದೆ. ನೀವು ಸೆಟ್ಟಿಂಗ್ಸ್ ಕೆದಕಿ ಪ್ರಯೋಜನವಿಲ್ಲ. ತೆರೆಯಿತು, ಆದರೆ ಹೊಸ ಪತ್ರ ಅಲ್ಲೂ ಇಲ್ಲ ಅಂದರೆ ಜಾಗ ತುಂಬಿದೆಯಾ ನೋಡಿ. ಜಿಮೇಲ್‌ನಲ್ಲಿ ಬಿಟ್ಟಿಯಾಗಿ ಸಿಗುವ 15 ಜಿಬಿಯಲ್ಲಿ ಡ್ರೈವ್ ಮತ್ತು ಫೋಟೋಗಳಿಗೂ ಪಾಲಿದೆ.

ಬ್ರೌಸರ್‌ನಲ್ಲಿ ಎಲ್ಲ ಸರಿ ಇದೆಯಾ? ಹಾಗಾದರೆ ತಪ್ಪು ನಿಮ್ಮ ಕಂಪ್ಯೂಟರ್‌ನಲ್ಲೇ ಇದೆ. ಗೊತ್ತಿಲ್ಲದೆ ‘ವರ್ಕ್ ಆಫ್‌ಲೈನ್’ ಒತ್ತಿರಬಹುದು. ಥಂಡರ್‌ಬರ್ಡ್‌ನಲ್ಲಿ ಕೆಳಗಡೆ ಎಡ ಮೂಲೆಯ ಐಕಾನ್ ನೋಡಿ. ಕ್ಲಾಸಿಕ್ ಔಟ್‌ಲುಕ್‌ನಲ್ಲಿ (ಅಂದರೆ ಹಳೇ ಮಾದರಿಯದರಲ್ಲಿ) ಅದು ಸೆಂಡ್/ರಿಸೀವ್ ಟ್ಯಾಬ್‌ನಲ್ಲಿದೆ. ಸರ್ಟಿಫಿಕೇಟ್, ಅಂದರೆ ಸರ್ವರ್‌ನ ಗುರುತಿನ ಚೀಟಿ, ಸರಿಯಿಲ್ಲ ಎಂಬ ಎಚ್ಚರಿಕೆ ಬಂದರೆ ಕಂಪ್ಯೂಟರ್‌ನ ತಾರೀಕು ನೋಡಿ. ತಾರೀಕು ತಪ್ಪಿದ್ದರೆ ಸರಿಯಾದ ಸರ್ಟಿಫಿಕೇಟೂ ಅವಧಿ ಮುಗಿದ ಹಾಗೆ ಕಾಣುತ್ತದೆ. ನಗು ಬರುವಷ್ಟು ಸಣ್ಣ ಕಾರಣ, ಆದರೆ ಅರ್ಧ ದಿನ ತಿನ್ನುತ್ತದೆ.

ಪಾಸ್‌ವರ್ಡ್ ಕೇಳುತ್ತಲೇ ಇದ್ದರೆ

ಜಿಮೇಲ್ ಬಳಸುವವರಿಗೆ ಇದರ ಹಿಂದೆ ಒಂದು ಕಾರಣವಿದೆ. 2022ರ ಮೇ 30ರಿಂದ ಗೂಗಲ್ ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಬರುವ ಬೇರೆ ಕಂಪನಿಗಳ ಆ್ಯಪ್‌ಗಳನ್ನು ಬಿಡುವುದು ನಿಲ್ಲಿಸಿತು. ನೀವು ಕೊಡುವ ಪಾಸ್‌ವರ್ಡ್ ಸರಿಯೇ ಇದೆ, ಕೊಡುವ ಬಾಗಿಲು ಮಾತ್ರ ಮುಚ್ಚಿದೆ.

ಥಂಡರ್‌ಬರ್ಡ್‌ನ ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ‘ಅಥೆಂಟಿಕೇಷನ್ ಮೆಥಡ್’ ಅಂತ ಇರುತ್ತದೆ. ಅದನ್ನು ‘ಓಆತ್2’ ಮಾಡಿ. ಪಾಸ್‌ವರ್ಡನ್ನು ಪ್ರೋಗ್ರಾಂಗೆ ಕೊಡದೆ ಗೂಗಲ್‌ನ ಕಿಟಕಿಯಲ್ಲೇ ಲಾಗಿನ್ ಆಗುವ ಪದ್ಧತಿ ಅದು. ಹೊರಹೋಗುವ ಸರ್ವರ್‌ಗೂ ಇದೇ ಬದಲಾವಣೆ ಬೇಕು. ತುಂಬಾ ಜನ ಮರೆಯುವುದು ಇಲ್ಲೇ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿಗೆ ಹೋಗಿ, ಉಳಿಸಿಟ್ಟ ಹಳೇ ಪಾಸ್‌ವರ್ಡ್ ಅಳಿಸಿ. ಅಲ್ಲೇ ಕುಕೀಗಳನ್ನು ಒಪ್ಪುವ ಆಯ್ಕೆ ಚಾಲೂ ಇರಲಿ, ಇಲ್ಲದಿದ್ದರೆ ಗೂಗಲ್‌ನ ಲಾಗಿನ್ ಕಿಟಕಿ ತೆರೆದು ಅಲ್ಲೇ ನಿಂತುಬಿಡುತ್ತದೆ. ಪ್ರೋಗ್ರಾಂ ಮುಚ್ಚಿ ತೆರೆಯಿರಿ.

ಓಆತ್ ಗೊತ್ತಿಲ್ಲದ ಹಳೇ ಪ್ರೋಗ್ರಾಂ ಆದರೆ ‘ಆ್ಯಪ್ ಪಾಸ್‌ವರ್ಡ್’ ಅಂತ 16 ಅಕ್ಷರದ್ದೊಂದು ಪಡೆಯಬಹುದು. ಅದಕ್ಕೆ ಎರಡು ಹಂತದ ಪರಿಶೀಲನೆ ಮೊದಲೇ ಚಾಲೂ ಇರಬೇಕು.

ಬರುತ್ತದೆ, ಹೋಗುವುದಿಲ್ಲ

ಪತ್ರ ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ಬರುವುದಕ್ಕೆ ಐಮ್ಯಾಪ್ ಅಥವಾ ಪಾಪ್, ಹೋಗುವುದಕ್ಕೆ ಎಸ್‌ಎಂಟಿಪಿ. ಹಾಗಾಗಿ ಇನ್‌ಬಾಕ್ಸ್ ಸರಿಯಿದ್ದೂ ಕಳಿಸುವುದು ಕೆಟ್ಟಿರಬಹುದು.

ಹೊರಹೋಗುವ ಸರ್ವರ್‌ನ ಪೋರ್ಟ್ ನಂಬರ್, ಅಂದರೆ ಪತ್ರ ಹೋಗುವ ಬಾಗಿಲಿನ ನಂಬರ್, ನೋಡಿ. 25 ಅಂತ ಇದ್ದರೆ ಅದೇ ಕಳ್ಳ. ಸ್ಪ್ಯಾಮ್ ತಡೆಯಲು ಅನೇಕ ಇಂಟರ್ನೆಟ್ ಕಂಪನಿಗಳು ಆ ಪೋರ್ಟ್ ಮುಚ್ಚಿಟ್ಟಿರುತ್ತವೆ. 587 ಹಾಕಿ, ಜೊತೆಗೆ ಸಂಪರ್ಕವನ್ನು ಗುಪ್ತವಾಗಿಡುವ ಆಯ್ಕೆಗಳಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಆರಿಸಿ. ಅಥವಾ 465ರ ಜೊತೆ ಎಸ್‌ಎಸ್‌ಎಲ್/ಟಿಎಲ್‌ಎಸ್. ಜೋಡಿ ಅದಲುಬದಲಾದರೆ ‘ಕನೆಕ್ಟಿಂಗ್’ ಅಂತ ಸುಮ್ನೆ ಸುತ್ತುತ್ತಿರುತ್ತದೆ. ಒಳಬರುವ ಕಡೆ, ಎಸ್‌ಎಸ್‌ಎಲ್ ಜೊತೆ ಐಮ್ಯಾಪ್‌ಗೆ 993, ಪಾಪ್‌ಗೆ 995.

ಒಂದು ಪತ್ರ ಮಾತ್ರ ಔಟ್‌ಬಾಕ್ಸ್‌ನಲ್ಲಿ ಸಿಕ್ಕಿಕೊಂಡು, ಹಿಂದಿನವನ್ನೂ ತಡೆದು ನಿಂತಿದೆಯಾ? ಅಟ್ಯಾಚ್‌ಮೆಂಟ್ ಎಷ್ಟು ದೊಡ್ಡದು ನೋಡಿ. ಮೇಲ್‌ನಲ್ಲಿ ಹೋಗುವಾಗ ಫೈಲ್‌ನ ಪ್ರತಿ ಮೂರು ಬೈಟ್ ನಾಲ್ಕು ಅಕ್ಷರಗಳಾಗಿ ಮಾರ್ಪಡುತ್ತವೆ. ಅಂದರೆ ನಿಮ್ಮ 20 ಎಂಬಿ ಫೈಲ್ ದಾರಿಯಲ್ಲಿ ಹತ್ತಿರ ಹತ್ತಿರ 27 ಎಂಬಿ ಆಗಿರುತ್ತದೆ. ಒಂದು ಪತ್ರ ಒಟ್ಟು 25 ಎಂಬಿ ಮೀರಬಾರದು ಅನ್ನುವ ಸರ್ವರ್ ಅದನ್ನು ವಾಪಸ್ ತಳ್ಳುತ್ತದೆ. ‘20 ಅಲ್ವಾ, ಮಿತಿಯೊಳಗೇ ಇದೆಯಲ್ಲ’ ಅಂತ ನಾವು ತಲೆ ಕೆರೆದುಕೊಳ್ಳುತ್ತೇವೆ. ಪ್ರೋಗ್ರಾಂ ಅನ್ನು ಆಫ್‌ಲೈನ್ ಮಾಡಿ, ಆ ಪತ್ರವನ್ನು ಡ್ರಾಫ್ಟ್ಸ್‌ಗೆ ಎಳೆದು ಹಾಕಿ, ಫೈಲ್ ತೆಗೆದು ಬದಲಿಗೆ ಲಿಂಕ್ ಕೊಡಿ. ಆಮೇಲೆ ಆನ್‌ಲೈನ್ ಮಾಡಿ ಕಳಿಸಿ.

ಒಂದು ಪತ್ರ ಒತ್ತಿದಾಗ ಇನ್ನೊಂದು ತೆರೆದರೆ

ವಿಷಯ ಒಬ್ಬರದು, ಒಳಗಿನ ಪತ್ರ ಇನ್ನೊಬ್ಬರದು. ಅಥವಾ ಪತ್ರ ಪೂರ್ತಿ ಖಾಲಿ. ಗಾಬರಿ ಬೇಡ. ಥಂಡರ್‌ಬರ್ಡ್ ಮಾಮೂಲಿಯಾಗಿ ಒಂದು ಫೋಲ್ಡರ್‌ನ ಎಲ್ಲ ಪತ್ರಗಳನ್ನೂ ಒಂದೇ ಉದ್ದನೆ ಫೈಲ್‌ನಲ್ಲಿ ಸಾಲಾಗಿ ಬರೆದಿಡುತ್ತದೆ. ಯಾವ ಪತ್ರ ಎಲ್ಲಿ ಶುರು ಅಂತ ಪಕ್ಕದ ಇನ್ನೊಂದು ಪಟ್ಟಿ ಹೇಳುತ್ತದೆ. ಪಟ್ಟಿ ಕೆಟ್ಟರೆ ಈ ಗೊಂದಲ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ರಿಪೇರ್ ಫೋಲ್ಡರ್’ ಒತ್ತಿ. ಪಟ್ಟಿ ಹೊಸದಾಗಿ ತಯಾರಾಗುತ್ತದೆ.

ಅಳಿಸಿದ ಪತ್ರವೂ ಆ ಫೈಲ್‌ನಿಂದ ತಕ್ಷಣ ಹೋಗುವುದಿಲ್ಲ, ಅಳಿಸಿದೆ ಎಂಬ ಗುರುತು ಬೀಳುತ್ತದೆ ಅಷ್ಟೇ. ‘ಕಾಂಪ್ಯಾಕ್ಟ್’ ಮಾಡಿದಾಗಲೇ ಜಾಗ ಖಾಲಿಯಾಗುವುದು. ಔಟ್‌ಲುಕ್ ಪತ್ರಗಳನ್ನು ಇಡುವ ಪಿಎಸ್‌ಟಿ ಫೈಲ್ ಕೆಟ್ಟರೆ ಅದರ ಜೊತೆಗೇ ಬರುವ ಸ್ಕ್ಯಾನ್‌ಪಿಎಸ್‌ಟಿ ಎಂಬ ರಿಪೇರಿ ಸಾಧನವಿದೆ.

ಪ್ರೋಗ್ರಾಂ ತೆರೆಯುತ್ತಲೇ ಮುಚ್ಚಿಕೊಂಡರೆ ಆ್ಯಡ್-ಆನ್‌ಗಳ (ಪ್ರೋಗ್ರಾಂಗೆ ಮೇಲಿಂದ ಸೇರಿಸಿಕೊಂಡ ಚಿಕ್ಕ ಸೌಲಭ್ಯಗಳ) ಮೇಲೆ ನನ್ನ ಮೊದಲ ಅನುಮಾನ. ಥಂಡರ್‌ಬರ್ಡನ್ನು ಶಿಫ್ಟ್ ಕೀ ಒತ್ತಿ ಹಿಡಿದು ತೆರೆಯಿರಿ, ಕ್ಲಾಸಿಕ್ ಔಟ್‌ಲುಕ್ ಆದರೆ ಕಂಟ್ರೋಲ್ ಕೀ. ಆಗ ಆ್ಯಡ್-ಆನ್ ಇಲ್ಲದೆ ತೆರೆಯುತ್ತದೆ. ಸರಿಹೋದರೆ ಒಂದೊಂದನ್ನೇ ಚಾಲೂ ಮಾಡುತ್ತಾ ಕೆಟ್ಟದ್ದನ್ನು ಹಿಡಿಯಿರಿ.

ಇಷ್ಟಾದರೂ ಬಗ್ಗದಿದ್ದರೆ ಅಕೌಂಟ್ ತೆಗೆದು ಹೊಸದಾಗಿ ಹಾಕುವುದೊಂದೇ ಉಳಿಯುತ್ತದೆ. ಥಂಡರ್‌ಬರ್ಡ್‌ನ ಹೆಲ್ಪ್ ಮೆನುವಿನಲ್ಲಿ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್’ ತೆರೆದರೆ ನಿಮ್ಮ ಪತ್ರ, ಸೆಟ್ಟಿಂಗ್ಸ್ ಎಲ್ಲ ಇರುವ ಪ್ರೊಫೈಲ್ ಫೋಲ್ಡರ್ ಎಲ್ಲಿದೆ ಅಂತ ತೋರಿಸುತ್ತದೆ. ಪ್ರೋಗ್ರಾಂ ಪೂರ್ತಿ ಮುಚ್ಚಿ, ಆ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಕಾಪಿಯಾಗಿದೆ ಅಂತ ಕಣ್ಣಾರೆ ನೋಡಿ. ಆಮೇಲೆ ಅಕೌಂಟ್ ತೆಗೆಯಿರಿ. ಆ ಚೌಕ ಮತ್ತೆ ಬರುತ್ತದೆ, ಟಿಕ್ ಹಾಕಬೇಡಿ.