ಆರ್‌ಟಿಐ ಅರ್ಜಿ: ಉತ್ತರ ಕೇಳಬೇಡಿ, ಕಾಗದ ಕೇಳಿ

‘ನಮ್ಮ ಬಡಾವಣೆಯ ರಸ್ತೆ ಒಂದೇ ಮಳೆಗೆ ಯಾಕೆ ಕಿತ್ತುಹೋಯಿತು? ಯಾರ‍್ಯಾರು ಎಷ್ಟು ತಿಂದಿದ್ದೀರಿ?’

ಮಾಹಿತಿ ಹಕ್ಕಿನ ಅರ್ಜಿ ಅಂತ ಜನ ಬರೆದು ತರುವುದು ಬಹುಪಾಲು ಹೀಗೇ. ಸಿಟ್ಟು ನ್ಯಾಯವಾದದ್ದೇ. ಆದರೆ ‘ಇದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ’ ಎಂದು ಒಂದು ಸಾಲಿನ ಹಿಂಬರಹ ಕೊಟ್ಟು ಅಧಿಕಾರಿ ಕೈತೊಳೆದುಕೊಳ್ಳುತ್ತಾರೆ. ಅಲ್ಲಿ ಕಾನೂನು ಅವರ ಪರವಾಗಿಯೇ ಇರುತ್ತದೆ. 2005ರ ಕಾಯ್ದೆ ಕೊಡಿಸುವುದು ಕಡತದಲ್ಲಿ ಇರುವುದನ್ನು ಮಾತ್ರ. ಇಲ್ಲದ ಮಾಹಿತಿಯನ್ನು ಸೃಷ್ಟಿಸಿಯೋ ಅಭಿಪ್ರಾಯ ಹೇಳಿಯೋ ಕೊಡಬೇಕಿಲ್ಲ ಎಂದು 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಹಾಗಾದರೆ ಏನು ಕೇಳಬೇಕು? ಸರ್ಕಾರಿ ದುಡ್ಡು ಕಾನೂನಿನಂತೆ ಖರ್ಚಾಗಿದ್ದರೆ ಪ್ರತಿ ಹೆಜ್ಜೆಗೂ ಒಂದು ಕಾಗದ ಇರಲೇಬೇಕು. ಅದನ್ನು ಹೆಸರು ಹಿಡಿದು ಕೇಳಿ.

ಮೊದಲು ರಸ್ತೆಯ ಹೆಸರು, ಎಲ್ಲಿಂದ ಎಲ್ಲಿಯವರೆಗೆ, ಯಾವ ವರ್ಷದ ಕಾಮಗಾರಿ ಎಂದು ಬರೆಯಿರಿ. ಆಮೇಲೆ ಅಂದಾಜುಪಟ್ಟಿ, ಕಾರ್ಯಾದೇಶ, ಗುತ್ತಿಗೆದಾರರ ಜೊತೆಗಿನ ಕರಾರು ಪತ್ರ, ಮಾಡಿದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ (ಎಂ.ಬಿ.) ಸಂಬಂಧಪಟ್ಟ ಪುಟಗಳು, ಪಾವತಿಸಿದ ಬಿಲ್ಲುಗಳು, ಗುಣಮಟ್ಟ ಪರೀಕ್ಷೆಯ ವರದಿ, ಕಡತದ ಟಿಪ್ಪಣಿ ಹಾಳೆಗಳು: ಇವುಗಳ ದೃಢೀಕೃತ ನಕಲು. ಕರಾರು ಪತ್ರ ಬಿಡಲೇಬೇಡಿ, ಕಿತ್ತುಹೋದ ರಸ್ತೆಯನ್ನು ಗುತ್ತಿಗೆದಾರ ಎಷ್ಟು ಕಾಲ ಸ್ವಂತ ಖರ್ಚಿನಲ್ಲಿ ರಿಪೇರಿ ಮಾಡಿಕೊಡಬೇಕು ಎಂಬುದು ಅದರಲ್ಲೇ ಇರುತ್ತದೆ. ಎಂ.ಬಿ.ಯಲ್ಲಿ ಬರೆದ ದಪ್ಪಕ್ಕೂ ರಸ್ತೆಯಲ್ಲಿ ಕಾಣುವ ದಪ್ಪಕ್ಕೂ ತಾಳೆಯಾಗದಿದ್ದರೆ ‘ಯಾಕೆ’ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ: ಕಲಂ 2(ಜೆ) ಪ್ರಕಾರ ಕಾಮಗಾರಿಯನ್ನೇ ಪರಿಶೀಲಿಸಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಕೇಳಬಹುದು.

‘2005ರಿಂದ ಇಲ್ಲಿಯವರೆಗಿನ ಎಲ್ಲ ಕಡತಗಳು’ ಎಂದು ಬರೆಯುವ ಚಟ ಬಿಡಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಗಳಲ್ಲಿ ಸಿಗುವ, ಕಲಂಗಳನ್ನೆಲ್ಲ ತುರುಕಿದ ಸಿದ್ಧ ಅರ್ಜಿಗೆ ದುಡ್ಡು ಸುರಿಯಬೇಡಿ. ಅದರಲ್ಲಿ ಅರ್ಧ ಬೆದರಿಕೆ, ಇನ್ನರ್ಧ ದೂರು. ದೂರು ಕೊಡುವುದಿದ್ದರೆ ಬೇರೆಯೇ ಬರೆಯಿರಿ.

ಉಳಿದದ್ದು ಸುಲಭ. ಅರ್ಜಿಗೆ ನಮೂನೆ-ಎ, 10 ರೂಪಾಯಿಯ ಪೋಸ್ಟಲ್ ಆರ್ಡರ್, ಆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಯ ಹೆಸರಿಗೆ ಸ್ಪೀಡ್ ಪೋಸ್ಟ್, ಬಿಪಿಎಲ್‌ನವರಿಗೆ ಶುಲ್ಕವಿಲ್ಲ. ಆನ್‌ಲೈನ್ ಕೂಡ ಇದೆ, ನನಗೆ ಮಾತ್ರ ಅಂಚೆಯ ರಸೀದಿಯೇ ಹೆಚ್ಚು ನಂಬಿಕೆ. ‘ಯಾಕೆ ಬೇಕು?’ ಅಂತ ಯಾರಾದರೂ ಫೋನ್ ಮಾಡಿದರೆ ಕಾರಣ ಹೇಳಬೇಕಿಲ್ಲ, ಕಲಂ 6(2) ಎಂದಷ್ಟೇ ಹೇಳಿ.

ಇನ್ನು ದಿನಗಳ ಲೆಕ್ಕ. ಉತ್ತರಕ್ಕೆ 30 ದಿನ. ನಡುವೆ ‘ಪುಟಗಳ ಶುಲ್ಕ ಕಟ್ಟಿ’ ಎಂಬ ಪತ್ರ ಬಂದರೆ ಕೂಡಲೇ ಕಟ್ಟಿ, ನೀವು ಕಟ್ಟುವವರೆಗಿನ ದಿನಗಳು ಲೆಕ್ಕಕ್ಕೆ ಸೇರುವುದಿಲ್ಲ. ಗಡುವು ಮೀರಿದ ಮೇಲೆ ಕೊಟ್ಟರೆ ಪುಕ್ಕಟೆ ಕೊಡಬೇಕು. ಏನೂ ಬಾರದಿದ್ದರೆ ನಿರಾಕರಿಸಿದಂತೆಯೇ. ಸುಮ್ಮನೆ ಕಾಯುತ್ತ ಕೂರದೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಪ್ರಥಮ ಮೇಲ್ಮನವಿ ಹಾಕಿ. ಬಹಳ ಜನ ಇಲ್ಲೇ ಬೇಸತ್ತು ಕೈಬಿಡುತ್ತಾರೆ, ಕಚೇರಿಗೆ ಬೇಕಾಗಿರುವುದೂ ಅದೇ.

ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆ ದುಡ್ಡು ನಿಮಗೆ ಬರುವುದಿಲ್ಲ. ಓಡಾಡಿ ನಷ್ಟವಾಗಿದ್ದರೆ ಕಲಂ 19(8)(ಬಿ) ಅಡಿ ಪರಿಹಾರವನ್ನು ಈ ಎರಡನೇ ಮೇಲ್ಮನವಿಯಲ್ಲೇ ಕೇಳಿ, ಬಸ್ ಟಿಕೆಟ್, ಅಂಚೆ ರಸೀದಿ ಲಗತ್ತಿಸಿ.