ಹೊಸಬರಿಗೆ ಮಾರ್ಗದರ್ಶಿ: ನಮ್ಮ ಕೋರ್ಟುಗಳಲ್ಲಿ ತೀರ್ಪು ಕೊಡುವವರು ಯಾರು?

ಅಮೆರಿಕ, ಇಂಗ್ಲೆಂಡಿನಲ್ಲಿ ಹಲವು ವರ್ಷ ಕಳೆದು ಹುಬ್ಬಳ್ಳಿ-ಧಾರವಾಡಕ್ಕೆ ಬಂದು ನೆಲೆಸುವ ಕುಟುಂಬಗಳು ಆಸ್ತಿ ಪಾಲಿನ ದಾವೆಗೋ ಚೆಕ್ ಬೌನ್ಸ್ ಪ್ರಕರಣಕ್ಕೋ ಮೊದಲ ಸಲ ಕೋರ್ಟಿನ ಮೆಟ್ಟಿಲು ಹತ್ತುವಾಗ, ಇಲ್ಲಿ ಜ್ಯೂರಿಯಲ್ಲಿ (ತೀರ್ಪು ಹೇಳಲು ಆರಿಸಿದ ಸಾಮಾನ್ಯ ನಾಗರಿಕರ ಗುಂಪಿನಲ್ಲಿ) ಎಷ್ಟು ಜನ ಇರುತ್ತಾರೆ ಎಂದು ಸಂಘದವರನ್ನು ಕೇಳುವುದುಂಟು. ಒಬ್ಬರೂ ಇರುವುದಿಲ್ಲ. ಹುಬ್ಬಳ್ಳಿಯ ತಿಮ್ಮಸಾಗರದ ನ್ಯಾಯಾಲಯ ಸಂಕೀರ್ಣದಲ್ಲಾಗಲಿ, ಗದಗ, ಹಾವೇರಿಯ ಜಿಲ್ಲಾ ನ್ಯಾಯಾಲಯಗಳಲ್ಲಾಗಲಿ, ಸಾಕ್ಷ್ಯವನ್ನು ತೂಗಿ ತೀರ್ಪು ಬರೆಯುವವರು ನ್ಯಾಯಾಧೀಶರೊಬ್ಬರೇ.

ಅಮೆರಿಕದ ಫೆಡರಲ್ ಕ್ರಿಮಿನಲ್ ವಿಚಾರಣೆಗೆ 12 ಜನರ ಜ್ಯೂರಿ ಬೇಕು. ರಾಜ್ಯಗಳಲ್ಲಿ 6 ಜನರಿದ್ದರೂ ನಡೆಯುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1970ರಲ್ಲಿಯೂ, 5 ಜನ ಸಾಲದು ಎಂದು 1978ರಲ್ಲಿಯೂ ಹೇಳಿತು. ಗಂಭೀರ ಅಪರಾಧದಲ್ಲಿ ಎಲ್ಲರೂ ಒಮ್ಮತದಿಂದ ಒಪ್ಪಿದರೆ ಮಾತ್ರ ಆರೋಪಿ ತಪ್ಪಿತಸ್ಥನೆಂಬ ನಿಯಮ 2020ರ ತೀರ್ಪಿನಿಂದ ಎಲ್ಲ ರಾಜ್ಯಗಳಿಗೂ ಅನ್ವಯವಾಯಿತು. ಒಮ್ಮತ ಬಾರದಿದ್ದರೆ ಆರೋಪಿ ಖುಲಾಸೆಯಾದನೆಂದಲ್ಲ, ಮರುವಿಚಾರಣೆ ನಡೆಸಬಹುದು. ಸಿವಿಲ್ ದಾವೆಯಲ್ಲಿ ಹಲವೆಡೆ ಇಷ್ಟು ಬಿಗಿಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 12ರಲ್ಲಿ 9 ಜನ ಒಪ್ಪಿದರೆ ಸಾಕು.

ನಮ್ಮಲ್ಲೂ ಜ್ಯೂರಿ ಇತ್ತು. 1959ರಲ್ಲಿ ಮುಂಬೈಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿಯ ಮೇಲಿನ ಕೊಲೆ ಪ್ರಕರಣದಲ್ಲಿ 9 ಜನರ ಪೈಕಿ 8 ಜನ ಆರೋಪಿ ನಿರ್ದೋಷಿ ಎಂದರು. ಅದನ್ನೊಪ್ಪದ ಸೆಷನ್ಸ್ ನ್ಯಾಯಾಧೀಶರು ವಿಷಯವನ್ನು ಹೈಕೋರ್ಟಿಗೆ ಒಪ್ಪಿಸಿದರು. ಹೈಕೋರ್ಟ್ ವಿಧಿಸಿದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1961ರಲ್ಲಿ ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ.

ಹೀಗಿರುವಾಗ ಒಬ್ಬರ ಕೈಯಲ್ಲಿ ಎಲ್ಲವೂ ಇದೆಯಲ್ಲ ಎಂಬ ಅಳುಕು ಸಹಜ. ಆದರೆ ಜ್ಯೂರಿ ಸಾಮಾನ್ಯವಾಗಿ ಕಾರಣ ಹೇಳದೆಯೇ ತನ್ನ ನಿರ್ಧಾರ ತಿಳಿಸುತ್ತದೆ. ಇಲ್ಲಿಯ ನ್ಯಾಯಾಧೀಶರು ಯಾವ ಸಾಕ್ಷಿಯನ್ನು ಏಕೆ ನಂಬಿದೆ, ಏಕೆ ನಂಬಲಿಲ್ಲ ಎಂಬುದನ್ನು ತೀರ್ಪಿನಲ್ಲಿ ಬರೆಯಲೇಬೇಕು, ಮೇಲ್ಮನವಿಯ ಹೋರಾಟವೆಲ್ಲ ಆ ಕಾರಣಗಳ ಮೇಲೆಯೇ ನಡೆಯುತ್ತದೆ. ನಮ್ಮ ದೃಷ್ಟಿಯಲ್ಲಿ ಇದು ಕಡಿಮೆ ರಕ್ಷಣೆಯಲ್ಲ. ಕ್ರಿಮಿನಲ್ ಪ್ರಕರಣದಲ್ಲಿ ಅಪರಾಧವು ಸಂಶಯಾತೀತವಾಗಿ ಸಾಬೀತಾಗಬೇಕು. ಸಿವಿಲ್ ದಾವೆಯಲ್ಲಿ ಯಾರ ಪಕ್ಷ ಹೆಚ್ಚು ಸಂಭವನೀಯವೆಂದು ಕಾಣುತ್ತದೆಯೋ ಅವರ ಪರ ತೀರ್ಪಾಗುತ್ತದೆ.

ಆದ್ದರಿಂದ ದಾಖಲೆಯಾಗುವ ಪ್ರತಿಯೊಂದು ಮಾತಿಗೂ ಬೆಲೆಯಿದೆ. ಸಾಕ್ಷಿ ಕಟ್ಟೆಯಲ್ಲಿ ನೀವು ಹೇಳಿದ್ದನ್ನು ಪಕ್ಕದಲ್ಲೇ ಕುಳಿತವರು ಟೈಪ್ ಮಾಡುತ್ತಾರೆ. ಸಹಿ ಹಾಕುವ ಮೊದಲು ಅದನ್ನು ಪೂರ್ತಿ ಓದಿ, ಅಥವಾ ಓದಿ ಹೇಳಿಸಿಕೊಳ್ಳಿ, ದಿನಾಂಕವೋ ಗಡಿಯ ಅಳತೆಯೋ ತಪ್ಪಿದ್ದರೆ ಅಲ್ಲಿಯೇ ಹೇಳಿ. ವಿದೇಶದಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ವಕೀಲರಿಗೆ ಮೊದಲೇ ತಿಳಿಸಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಶಿಕ್ಷೆಯ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಲು 30 ದಿನ, ಸೆಷನ್ಸ್ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಹೋಗಲು ಸಾಮಾನ್ಯವಾಗಿ 60 ದಿನ ಅವಧಿಯಿದೆ. ಅದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ. 2013ರಿಂದ ಕಾಯಂ ಆಗಿರುವ ಧಾರವಾಡದ ಹೈಕೋರ್ಟ್ ಪೀಠದಲ್ಲಿಯೇ ಗದಗ, ಹಾವೇರಿ ಜಿಲ್ಲೆಗಳ ಮೇಲ್ಮನವಿಗಳೂ ನಡೆಯುತ್ತವೆ.