ಅರ್ಧ ಗಂಟೆ ಕತ್ತರಿಸಿ ಎಂದಾಗ

ಕೈಗೆ ಪೆನ್ಸಿಲ್ ಕೊಟ್ಟ ಮೇಲೆಯೇ ನಮ್ಮ ಮನೆಯ ಕೇಳುಗರು ಮನಸ್ಸು ಬಿಚ್ಚಿದ್ದು. ಅದಕ್ಕೂ ಮೊದಲು ನಾನು ನಡೆಸಿದ ಪ್ರಯತ್ನ ನೆಲಕಚ್ಚಿತ್ತು.

ಮೈಸೂರಿನ ನಮ್ಮ ಮನೆಯ ಮಹಡಿಯಲ್ಲಿ ತಿಂಗಳಿಗೊಮ್ಮೆ ಏಳೆಂಟು ಜನ ಸೇರಿ ಒಂದು ಆಲ್ಬಂ ಕೇಳುತ್ತೇವೆ. ಕರ್ನಾಟಕ, ಹಿಂದೂಸ್ತಾನಿ, ಜಾಝ್, ರಾಕ್, ಯಾವುದಕ್ಕೂ ಮಡಿಯಿಲ್ಲ. ಆ ಸಲ ನಾನು ಆರಿಸಿದ್ದು ಇಂಗ್ಲೆಂಡಿನ ಯೆಸ್ ತಂಡದ ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್’. 1973ರ ಡಿಸೆಂಬರ್‌ನಲ್ಲಿ ಬಂದ ಜೋಡಿ ಎಲ್‌ಪಿ, ಅಂದರೆ ಎರಡು ಗ್ರಾಮಫೋನ್ ತಟ್ಟೆ. ನಾಲ್ಕು ಬದಿ, ನಾಲ್ಕೇ ಹಾಡು, ಒಟ್ಟು ಸುಮಾರು 81 ನಿಮಿಷ. ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ಈ ಆಲ್ಬಂ, ಉದ್ದನೆಯ ಸಂಕೀರ್ಣ ಹಾಡುಗಳ ‘ಪ್ರೊಗ್ರೆಸಿವ್ ರಾಕ್’ ಕೇಳುವವರ ನಡುವೆ ಹಚ್ಚಿದ ಜಗಳ ಐವತ್ತು ವರ್ಷವಾದರೂ ಆರಿಲ್ಲ. ಕೆಲವರಿಗೆ ಇದು ಆ ಪಂಥದ ಶಿಖರ, ಉಳಿದವರಿಗೆ ನೀರು ಬೆರೆಸಿದ ಸಾರು.

ಇದನ್ನೇ ಆರಿಸಲು ನನಗೆ ಒಂದು ಆಸೆಯಿತ್ತು. 1973ರ ಮಾರ್ಚ್‌ನಲ್ಲಿ, ಡ್ರಮ್ಮರ್ ಬಿಲ್ ಬ್ರೂಫರ್ಡ್ ಮದುವೆಯ ಸಂಭ್ರಮದಲ್ಲಿ, ಕಿಂಗ್ ಕ್ರಿಮ್ಸನ್ ತಂಡದ ಜೇಮೀ ಮ್ಯೂರ್ ಅವರು ಯೆಸ್ ತಂಡದ ಗಾಯಕ ಜಾನ್ ಆಂಡರ್ಸನ್ ಅವರಿಗೆ ಪರಮಹಂಸ ಯೋಗಾನಂದರ ಆತ್ಮಕಥೆಯ ವಿಷಯ ಹೇಳಿದರು. ಕೆಲವೇ ದಿನಗಳಲ್ಲಿ ಟೋಕಿಯೊದ ಹೋಟೆಲೊಂದರಲ್ಲಿ ಕುಳಿತು ಆಂಡರ್ಸನ್ ಅದನ್ನು ಓದುತ್ತಿದ್ದಾಗ ಒಂದು ಅಡಿಟಿಪ್ಪಣಿ ಕಣ್ಣಿಗೆ ಬಿತ್ತು: ಶಾಸ್ತ್ರಗಳು ನಾಲ್ಕು ಬಗೆ, ಶ್ರುತಿ, ಸ್ಮೃತಿ, ಪುರಾಣ, ತಂತ್ರ. ಬದಿಗೊಂದರಂತೆ ನಾಲ್ಕನ್ನೂ ಹಂಚಿ ಆಲ್ಬಂ ಕಟ್ಟಿದರು. ಇಷ್ಟೆಲ್ಲ ಇರುವಾಗ ನಮ್ಮವರಿಗೆ ಒಳಹೋಗಲು ಬಾಗಿಲು ತಾನಾಗಿಯೇ ತೆರೆಯುತ್ತದೆ ಎಂದುಕೊಂಡೆ.

ತೆರೆಯಲಿಲ್ಲ. ಒಂದೇ ಸಂಜೆ ನಾಲ್ಕೂ ಬದಿ ಹಾಕಿದ್ದು ಮೊದಲ ತಪ್ಪು. ಎರಡನೆಯ ಬದಿ ಮುಗಿಯುವ ಮೊದಲೇ ಮೂವರು ಕಾಫಿಯ ನೆಪದಲ್ಲಿ ಕೆಳಗಿಳಿದರು. ಪಕ್ಕದ ಬೀದಿಯ ಮೃದಂಗ ವಿದ್ವಾಂಸರು ಮಾತ್ರ ಕದಲಲಿಲ್ಲ. “ಕಛೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ತನಿ ಬಂದಾಗ ಎದ್ದು ಕ್ಯಾಂಟೀನಿಗೆ ಹೋಗುವವರನ್ನು ನಲವತ್ತು ವರ್ಷದಿಂದ ನೋಡುತ್ತಿದ್ದೇನೆ, ನೀವು ಬೇಸರ ಮಾಡಿಕೊಳ್ಳಬೇಡಿ” ಎಂದರು. 1973ರ ನವೆಂಬರ್‌ನಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಯೆಸ್ ಇದೇ ಕೆಲಸ ಮಾಡಿತ್ತು. ಆಲ್ಬಂ ಅಂಗಡಿಗೆ ಬರುವ ಮೊದಲೇ ಪೂರ್ತಿ ನುಡಿಸಿತು. ಒಂದು ಸ್ವರವನ್ನೂ ಮೊದಲು ಕೇಳಿರದ ಆ ಸಭಿಕರ ಪಾಡು ನನಗೆ ಅಂದು ಅರ್ಥವಾಯಿತು.

ಎರಡನೆಯ ತಪ್ಪು ಇನ್ನೂ ದೊಡ್ಡದು. ತಟ್ಟೆ ಹಾಕುವ ಮೊದಲೇ ಕಥೆ ಹೇಳಿಬಿಟ್ಟಿದ್ದೆ. ಕಾಡಿನಲ್ಲಿ ಧ್ವನಿಮುದ್ರಣ ಮಾಡಬೇಕೆಂಬ ಆಂಡರ್ಸನ್ ಆಸೆ ಈಡೇರದೆ, ಲಂಡನ್ನಿನ ಮಾರ್ಗನ್ ಸ್ಟುಡಿಯೊಗೆ ಹುಲ್ಲಿನ ಹೊರೆಗಳನ್ನೂ ರಟ್ಟಿನ ಹಸುಗಳನ್ನೂ ತಂದಿಟ್ಟದ್ದು, ಬೇಸತ್ತ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅಲ್ಲೇ ಇದ್ದ ಬ್ಲ್ಯಾಕ್ ಸಬಾತ್ ತಂಡದ ಜೊತೆ ಬಿಯರ್ ಕುಡಿಯುತ್ತಾ ಅವರ ಒಂದು ಹಾಡಿಗೆ ನುಡಿಸಿಕೊಟ್ಟದ್ದು, ಆಮೇಲೆ ಮ್ಯಾಂಚೆಸ್ಟರಿನ ಕಛೇರಿಯಲ್ಲಿ ವೇದಿಕೆಯ ಮೇಲೆಯೇ ಕುಳಿತು ಇಂಡಿಯನ್ ‘ಕರಿ’ ತಿಂದದ್ದು. ಎಲ್ಲರೂ ನಕ್ಕರು. ನಕ್ಕ ಮೇಲೆ ಎಲ್ಲರೂ ವೇಕ್‌ಮನ್ ಕಿವಿಯಿಂದಲೇ ಕೇಳಿದರು. ಕೊನೆಗೆ “ಹೇಗಿತ್ತು?” ಎಂದು ಕೇಳಿದರೆ ಸಿಕ್ಕ ಉತ್ತರ ಒಂದೇ: “ಉದ್ದ.”

ಮುಂದಿನ ತಿಂಗಳು ಕ್ರಮ ಬದಲಿಸಿದೆ. ಭಾನುವಾರಕ್ಕೊಂದು ಬದಿ, ನಾಲ್ಕು ಭಾನುವಾರ. ಕಥೆ, ಹರಟೆ ಎಲ್ಲ ಬದಿ ಮುಗಿದ ಮೇಲೆ. ಪ್ರತಿಯೊಬ್ಬರಿಗೂ ನಿಮಿಷಗಳ ಗೆರೆ ಹಾಕಿದ ಹಾಳೆ, ಒಂದು ಪೆನ್ಸಿಲ್, ಎದುರಿಗೆ ಗೋಡೆ ಗಡಿಯಾರ. ವೇಕ್‌ಮನ್ ಅವರ ದೂರು ಏನೆಂದರೆ, ಸಿದ್ಧವಾಗಿದ್ದ ಸಂಗೀತ ಒಂದು ಎಲ್‌ಪಿಗೆ ಹೆಚ್ಚು, ಎರಡಕ್ಕೆ ಕಡಿಮೆ, ಹಾಗಾಗಿ ಹಿಗ್ಗಿಸಬೇಕಾಯಿತು. ನಾನು ಹೆಸರೆತ್ತದೆ ಆ ದೂರನ್ನೇ ಕೆಲಸವಾಗಿ ಒಪ್ಪಿಸಿದೆ: “ಇಡೀ ಆಲ್ಬಂನಲ್ಲಿ ಅರ್ಧ ಗಂಟೆ ಕತ್ತರಿಸಬೇಕು. ಎಲ್ಲಿಂದ ಎಲ್ಲಿಯವರೆಗೆ ಎಂದು ಗೆರೆ ಎಳೆಯಿರಿ.”

ಇಷ್ಟವಾಯಿತೇ ಎಂದು ಕೇಳಿದಾಗ ಸಂಕೋಚಪಡುವ ಜನ ಕತ್ತರಿ ಕೊಟ್ಟಾಗ ಸಂಕೋಚಪಡುವುದಿಲ್ಲ. ನಿವೃತ್ತ ಸಂಸ್ಕೃತ ಮೇಷ್ಟ್ರು ಸಂಗೀತಕ್ಕಿಂತ ಮೊದಲು ಆಲ್ಬಂನ ಹೊದಿಕೆಯನ್ನೇ ತಿದ್ದತೊಡಗಿದರು. ಒಳಗಿನ ಟಿಪ್ಪಣಿಯಲ್ಲಿ ಎರಡನೆಯ ಬದಿಯ ಶಾಸ್ತ್ರದ ಹೆಸರು ‘ಸುರಿತೀಸ್’ ಎಂದು ಅಚ್ಚಾಗಿದೆ. ಆ ಹಾಡಿನ ಹೆಸರೋ ‘ದ ರಿಮೆಂಬರಿಂಗ್’, ನೆನಪು. “ಸ್ಮೃತಿಯನ್ನೇ ಮರೆತಿದ್ದಾರಲ್ಲ!” ಎಂದು ಅವರು ನಕ್ಕ ನಗು ಕೆಳಗಿನ ಮನೆಗೂ ಕೇಳಿಸಿತು. ಮೂರನೆಯ ಬದಿಯಲ್ಲಿ ಗಾಯಕರು ಹಲವು ಭಾಷೆಗಳಲ್ಲಿ ಸೂರ್ಯನ ಹೆಸರು ಕೂಗುತ್ತಾರೆ. ಅದರಲ್ಲಿ ‘ಧೂಪ್’ ಕೂಡ ಇದೆ. “ನಮ್ಮ ಧೂಪಕ್ಕೂ ಸೂರ್ಯನಿಗೂ ಏನು ಸಂಬಂಧ?” ಎಂದು ನನ್ನ ಹೆಂಡತಿ ಕೇಳಿದಳು. ಹಿಂದಿಯ ಬಿಸಿಲು ಎಂದು ಬಿಡಿಸಿ ಹೇಳಿದ ಮೇಲೂ ಅವಳಿಗೆ ಆ ಜಾಗದಲ್ಲಿ ಸಾಂಬ್ರಾಣಿಯ ಹೊಗೆಯೇ ಕಾಣಿಸಿತಂತೆ.

ಕಾಲೇಜಿನ ದಿನಗಳಿಂದ ರಾಕ್ ಕೇಳುತ್ತಾ ಬಂದ ಗೆಳೆಯನೊಬ್ಬ ಒಂದು ನಿಮಿಷವನ್ನೂ ಕತ್ತರಿಸಲು ಒಪ್ಪಲಿಲ್ಲ. ಬದಲಿಗೆ 2003ರ ಸಿಡಿ ತಂದು, ಅದರಲ್ಲಿ ಮೊದಲ ಹಾಡಿನ ಆರಂಭಕ್ಕೆ ಮರಳಿ ಸೇರಿಸಿರುವ ಎರಡು ನಿಮಿಷವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಪಟ್ಟು ಹಿಡಿದ. ವಿದ್ವಾಂಸರು ನಾಲ್ಕನೆಯ ಬದಿಯ ದೀರ್ಘ ತಾಳವಾದ್ಯದ ಭಾಗಕ್ಕೆ ಗೆರೆ ಎಳೆಯುತ್ತಾರೆ ಎಂದು ಯಾರೂ ಎಣಿಸಿರಲಿಲ್ಲ. ಅವರು ಹೇಳಿದ್ದು ಇಷ್ಟೇ: “ಆರ್ಭಟವಿದೆ, ಲೆಕ್ಕವಿಲ್ಲ. ಮುಕ್ತಾಯಕ್ಕೆ ಒಂದು ದಾರಿ ಕಟ್ಟದೆ ನಿಲ್ಲಿಸಿಬಿಟ್ಟಿದ್ದಾರೆ.” ಹಿಂದಿನ ತಿಂಗಳು ಕಾಫಿಗೆ ಇಳಿದುಹೋಗಿದ್ದ ನನ್ನ ತಂಗಿಯ ಮಗಳು ಅದೇ ಭಾಗವನ್ನು ಉಳಿಸಿಕೊಂಡಿದ್ದಳು.

ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದರಂತೆ ಇನ್ನೊಂದಿಲ್ಲ. ಹೆಚ್ಚು ಗೆರೆ ಬಿದ್ದದ್ದು ಎರಡು ಕಡೆ: ಎರಡನೆಯ ಬದಿಯ ನಡುಭಾಗ, ಮತ್ತು ಮೂರನೆಯ ಬದಿಯ ಮೊದಲ ಹತ್ತು ಹನ್ನೆರಡು ನಿಮಿಷ. ಅಲ್ಲಿ ತಂಡದ ಗಿಟಾರ್ ವಾದಕ ಸ್ಟೀವ್ ಹೌ ಅವರ ಸ್ಟೀಲ್ ಗಿಟಾರ್ ಕಿರುಚುತ್ತದೆ, ತಾಳವಾದ್ಯಗಳು ಒಂದರ ಮೇಲೊಂದು ಬೀಳುತ್ತವೆ. ಅದು ಮುಗಿದ ಮೇಲೆ ಬರುವ ನೈಲಾನ್ ತಂತಿಯ ಗಿಟಾರನ್ನು ಮಾತ್ರ ಎಲ್ಲರೂ ಉಳಿಸಿಕೊಂಡಿದ್ದರು.

ಆಗ ಹುಮ್ಮಸ್ಸು ಬಂತು. ಹೆಚ್ಚು ಗೆರೆ ಬಿದ್ದ ಜಾಗಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಅಂಚುಗಳನ್ನು ಆದಷ್ಟು ನಯವಾಗಿ ಬೆಸೆದು, ಐವತ್ತು ನಿಮಿಷದ ಒಂದು ಆವೃತ್ತಿ ಮಾಡಿದೆ. ಮೂರು ರಾತ್ರಿಯ ಕೆಲಸ. ಮನೆಯ ಕೂಟಕ್ಕಷ್ಟೇ. ಮುಂದಿನ ತಿಂಗಳು ಯಾವ ಮುನ್ನುಡಿಯೂ ಇಲ್ಲದೆ ಹಾಕಿದೆ. ಯಾರೂ ಕಾಫಿಗೆ ಏಳಲಿಲ್ಲ. ಮುಗಿದಾಗ ತಂಗಿಯ ಮಗಳು, “ಮಾವ, ಆ ಗಿಟಾರಿನ ಭಾಗವನ್ನೂ ಕತ್ತರಿಸಿದಿರಾ? ಬಂದದ್ದೇ ಗೊತ್ತಾಗಲಿಲ್ಲ” ಎಂದಳು. ಅದರಲ್ಲಿ ಒಂದು ಸೆಕೆಂಡನ್ನೂ ನಾನು ಮುಟ್ಟಿರಲಿಲ್ಲ.

ಅನುಮಾನ ಪರಿಹಾರಕ್ಕೆ ಮೂಲದ ಮೂರನೆಯ ಬದಿಯನ್ನೇ ತಟ್ಟೆಯ ಮೇಲೆ ಇಟ್ಟೆ. ಹನ್ನೆರಡು ನಿಮಿಷದ ಗದ್ದಲದಲ್ಲಿ ಹೆಂಡತಿ ಎರಡು ಸಲ ಹುಬ್ಬು ಗಂಟಿಕ್ಕಿದಳು. ಗಿಟಾರ್ ಶುರುವಾದಾಗ ಬೆನ್ನು ಒರಗಿಸಿ ಕುಳಿತಳು, ಮೇಷ್ಟ್ರು ಕಣ್ಣು ಮುಚ್ಚಿದರು. ವಿದ್ವಾಂಸರು ತಮ್ಮ ಹಾಳೆ ವಾಪಸ್ ಕೇಳಿ, ಮೂರನೆಯ ಬದಿಯ ಗೆರೆಯನ್ನು ರಬ್ಬರಿನಿಂದ ಉಜ್ಜಿದರು. ನಾಲ್ಕನೆಯ ಬದಿಯದನ್ನು ಹಾಗೆಯೇ ಬಿಟ್ಟರು.

ನನ್ನ ಹಾಳೆಯಲ್ಲಿ ಎರಡನೆಯ ಬದಿಯ ನಡುವಿನ ಆರು ನಿಮಿಷ ಈಗಲೂ ಕತ್ತರಿಗೆ ಕಾದಿದೆ.